ಆಕಾಶದ ಡೇಟಾ ತೆರೆದಿದೆ, ಹುಡುಕುವ ದಾರಿಯೂ ತೆರೆಯಲಿ

2019ರ ಸೆಪ್ಟೆಂಬರ್‌ನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಅಪ್ಪಳಿಸಿತು. ಅದರ ಚೂರನ್ನು ಮೊದಲು ಗುರುತಿಸಿದವರು ಚೆನ್ನೈನ ಎಂಜಿನಿಯರ್ ಷಣ್ಮುಗ ಸುಬ್ರಮಣಿಯನ್. ಚಂದ್ರನನ್ನು ಸುತ್ತುವ ನಾಸಾದ ನೌಕೆ ಲೂನಾರ್ ರೆಕನೈಸೆನ್ಸ್ ಆರ್ಬಿಟರ್ ತೆಗೆದ ಚಿತ್ರಗಳು ಎಲ್ಲರಿಗೂ ಸಿಗುವಂತಿದ್ದವು. ಅವರು ಹಳೆಯದನ್ನೂ ಹೊಸದನ್ನೂ ಹೋಲಿಸಿ ನೋಡುತ್ತಾ ಹೋದರು. ಹೊಸ ಚಿತ್ರದಲ್ಲಿ ಒಂದೇ ಒಂದು ಪಿಕ್ಸೆಲ್ ಬೆಳ್ಳಗಿತ್ತು. ಲ್ಯಾಂಡರ್ ಬಿದ್ದ ಮುಖ್ಯ ಜಾಗದಿಂದ ಸುಮಾರು 750 ಮೀಟರ್ ವಾಯವ್ಯಕ್ಕೆ. ಡಿಸೆಂಬರ್‌ನಲ್ಲಿ ನಾಸಾ ಅದನ್ನು ಒಪ್ಪಿ, ಅವರ ಹೆಸರು ಹೇಳಿಯೇ ಪ್ರಕಟಿಸಿತು.

ಅವರ ತಾಳ್ಮೆಗೆ ಎಷ್ಟು ಮೆಚ್ಚುಗೆ ಹೇಳಿದರೂ ಸಾಲದು. ಆದರೆ ಅದೇ ಜಾಗದ ಹಳೆಯ ಚಿತ್ರ ಕೈಗೆ ಸಿಗದೇ ಹೋಗಿದ್ದರೆ ಆ ತಾಳ್ಮೆಯಿಂದ ಏನೂ ಆಗುತ್ತಿರಲಿಲ್ಲ. ಹೊರನಾಡಿನಲ್ಲಿದ್ದುಕೊಂಡು ಹೊರಗಿನವರ ಆರ್ಕೈವ್‌ಗಳನ್ನೂ (ಡೇಟಾ ಕೂಡಿಟ್ಟ ಸಂಗ್ರಹಗಳನ್ನೂ) ನಮ್ಮ ದೇಶದವನ್ನೂ ಹವ್ಯಾಸಕ್ಕಾಗಿ ಜಾಲಾಡುವವನು ನಾನು. ಡೇಟಾ ಪುಕ್ಕಟೆ ಕೊಟ್ಟರೆ ಅರ್ಧ ಕೆಲಸ ಮಾತ್ರ ಆಯಿತು ಅಂತ ನನಗೆ ಅನ್ನಿಸುತ್ತದೆ. ಹುಡುಕಲು ಗೊತ್ತಿಲ್ಲದವರಿಗೆ ಅದು ಇದ್ದೂ ಇಲ್ಲದ ಹಾಗೆ.

ಅಮೆರಿಕದವರು ಎಲ್ಲ ಸರಿ ಮಾಡಿದ್ದಾರೆ ಅಂತೇನಿಲ್ಲ. ಹಬಲ್, ವೆಬ್, ಕೆಪ್ಲರ್, ಟೆಸ್ ದೂರದರ್ಶಕಗಳ ಡೇಟಾ ಬಾಲ್ಟಿಮೋರ್‌ನ ಮಾಸ್ಟ್ ಆರ್ಕೈವ್‌ನಲ್ಲಿದೆ. ಸಾರ್ವಜನಿಕವಾದ ಡೇಟಾಗೆ ಲಾಗಿನ್ ಬೇಡ. ನಕ್ಷತ್ರದ್ದೋ ಗ್ಯಾಲಕ್ಸಿಯದ್ದೋ ಹೆಸರು ಟೈಪ್ ಮಾಡಿದರೆ ಸಾಕು, ಅದು ಆಕಾಶದಲ್ಲಿ ಎಲ್ಲಿದೆ ಅಂತ ಆರ್ಕೈವೇ ಕಂಡುಕೊಳ್ಳುತ್ತದೆ. ಇಲ್ಲಿವರೆಗೆ ಚೆಂದ. 2022ರ ಜುಲೈನಲ್ಲಿ ವೆಬ್‌ನ ಕ್ಯಾರಿನಾ ನೆಬ್ಯುಲಾ ಚಿತ್ರ ಬಂತಲ್ವಾ? ಅದರ ಮೂಲ ಡೇಟಾ ಬೇಕು ಅಂತ ಆ ಜಾಗದ ಕ್ಯಾಟಲಾಗ್ ಹೆಸರು ಎನ್‌ಜಿಸಿ 3324 ಎಂದು ಹಾಕಿ ನೋಡಿ. ಸಾಲುಸಾಲಾಗಿ ಫಲಿತಾಂಶ ಬರುತ್ತವೆ. ಆ ಚಿತ್ರದ ಫೈಲುಗಳ ಹೆಸರು ಜೆಡಬ್ಲ್ಯು02731 ಅಂತ ಶುರು. 2731 ಎನ್ನುವುದು ಆ ವೀಕ್ಷಣೆಯ ಕಾರ್ಯಕ್ರಮದ ಸಂಖ್ಯೆ. ನಡುವೆ ಎಫ್090ಡಬ್ಲ್ಯು ಎಂದಿದ್ದರೆ 0.9 ಮೈಕ್ರಾನ್ ಆಸುಪಾಸಿನ ತರಂಗಾಂತರದ ಬೆಳಕಿನ ಫಿಲ್ಟರ್. ಕೊನೆಯಲ್ಲಿ ಅನ್‌ಕ್ಯಾಲ್ ಎಂದಿದ್ದರೆ ಹಸಿ ಡೇಟಾ. ಐ2ಡಿ ಎಂದಿದ್ದರೆ ತಿದ್ದಿ ಜೋಡಿಸಿ ಮುಗಿಸಿದ ಚಿತ್ರ. ಹೊಸಬರಿಗೆ ಸಾಮಾನ್ಯವಾಗಿ ಬೇಕಾದ್ದು ಆ ಕೊನೆಯದೊಂದೇ. ಶಿಫಾರಸು ಮಾಡಿದ ಫೈಲುಗಳನ್ನಷ್ಟೇ ತೋರಿಸುವ ಆಯ್ಕೆ ಇದೆ, ಆದರೆ ಅಲ್ಲಿಗೆ ತಲುಪುವ ಹೊತ್ತಿಗೆ ಹೊಸಬರಿಗೆ ಕಣ್ಣು ಕಟ್ಟಿ ಕಾಡಿನಲ್ಲಿ ಬಿಟ್ಟ ಹಾಗಾಗಿರುತ್ತದೆ.

ಯುರೋಪಿನವರ ರೀತಿ ನನಗೆ ಜಾಸ್ತಿ ಇಷ್ಟ. ಯುರೋಪಿಯನ್ ಸ್ಪೇಸ್ ಏಜೆನ್ಸಿ 2016ರಲ್ಲಿ ಈಸಾಸ್ಕೈ ಎನ್ನುವುದನ್ನು ತಂದಿತು. ಫಾರಂ ಇಲ್ಲ, ಕೋಷ್ಟಕ ಇಲ್ಲ. ತೆರೆದ ಕೂಡಲೇ ಆಕಾಶವೇ ಎದುರಿಗಿರುತ್ತದೆ. ಎಳೆದರೆ ಸರಿಯುತ್ತದೆ, ಹತ್ತಿರಕ್ಕೆ ಹೋಗಬಹುದು, ಅದೇ ಜಾಗವನ್ನು ಎಕ್ಸ್-ರೇ ಅಥವಾ ಇನ್‌ಫ್ರಾರೆಡ್‌ನಲ್ಲಿ ನೋಡಬಹುದು. ವಿಜ್ಞಾನಿಗಳಿಗೆ ಒಂದು ಬಗೆ, ಸುಮ್ನೆ ನೋಡಲು ಬಂದವರಿಗೆ ಇನ್ನೊಂದು ಸರಳ ಬಗೆ ಇಟ್ಟಿದ್ದಾರೆ. ಇದರ ಹಿಂದಿರುವುದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ಡೇಟಾ ಕೇಂದ್ರ ರೂಪಿಸಿದ ಹಿಪ್ಸ್ ಎಂಬ ಪದ್ಧತಿ. ಇಡೀ ಆಕಾಶವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಕತ್ತರಿಸಿಟ್ಟು, ನೀವು ನೋಡುತ್ತಿರುವ ಜಾಗದ ಚೌಕಗಳನ್ನಷ್ಟೇ ಕಳಿಸುತ್ತಾರೆ. ಮೊಬೈಲಿನಲ್ಲೂ ಓಡುತ್ತದೆ. ಅದೇ ಕೇಂದ್ರದ ಅಲಾದಿನ್ ಲೈಟ್ ಎಂಬ ವೀಕ್ಷಕವನ್ನು ಯಾರು ಬೇಕಾದರೂ ತಮ್ಮ ಜಾಲತಾಣದಲ್ಲಿ ಪುಕ್ಕಟೆ ಕೂರಿಸಿಕೊಳ್ಳಬಹುದು.

ಇಷ್ಟೆಲ್ಲ ಸಿದ್ಧವಾಗಿರುವಾಗ ಇಸ್ರೋದ ಖಗೋಳ ಉಪಗ್ರಹ, ನಮ್ಮ ಆಸ್ಟ್ರೋಸ್ಯಾಟ್ ಯಾಕೆ ಹಿಂದೆ ಉಳಿಯಬೇಕು? 2015ರ ಸೆಪ್ಟೆಂಬರ್ 28ಕ್ಕೆ ಹಾರಿದ ಈ ಉಪಗ್ರಹದಲ್ಲಿರುವ ಯುವಿಐಟಿ ಎಂಬ ಅಲ್ಟ್ರಾವಯಲೆಟ್ ದೂರದರ್ಶಕ ಒಂದೇ ಸಲಕ್ಕೆ 28 ಆರ್ಕ್‌ಮಿನಿಟ್ ಅಗಲದ ಆಕಾಶ ನೋಡುತ್ತದೆ. ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರನಷ್ಟು ಅಗಲ. ಹಬಲ್‌ಗೆ ಒಂದೇ ನೋಟದಲ್ಲಿ ಇಷ್ಟು ಅಗಲ ಸಿಗುವುದಿಲ್ಲ. ಆಂಡ್ರೊಮಿಡಾ ಗ್ಯಾಲಕ್ಸಿಯನ್ನು ಅದು ಅಲ್ಟ್ರಾವಯಲೆಟ್‌ನಲ್ಲಿ ತುಂಡು ತುಂಡಾಗಿ ಸೆರೆಹಿಡಿದಿದೆ. ಎಷ್ಟು ಕಾಲೇಜು ಹುಡುಗರಿಗೆ ಇದು ಗೊತ್ತು? ಬೆಂಗಳೂರು ಹತ್ತಿರದ ಬ್ಯಾಲಾಳುವಿನ ಇಸ್ರೋ ಡೇಟಾ ಕೇಂದ್ರದಲ್ಲಿರುವ ಆಸ್ಟ್ರೋಸ್ಯಾಟ್ ಆರ್ಕೈವ್ ಸಾರ್ವಜನಿಕವೇ, ಆದರೆ ನೋಂದಣಿ ಮಾಡಿ ಲಾಗಿನ್ ಆಗಬೇಕು. ಇಳಿಸಿಕೊಳ್ಳುವವರು ಲಾಗಿನ್ ಆಗಲಿ, ತಪ್ಪಿಲ್ಲ. ಬರೀ ನೋಡಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸುವುದು ಬೇಡ.

ನಮ್ಮವರಿಗೆ ಇದು ಆಗದ ಕೆಲಸವೇನಲ್ಲ. ಚಂದ್ರಯಾನ-2ರ ಚಿತ್ರಗಳನ್ನು ಚಂದ್ರನ ನಕ್ಷೆಯ ಮೇಲೆ ಜಾಗ ಗುರುತಿಸಿ ಹುಡುಕುವ ಸೌಲಭ್ಯವನ್ನು ಇಸ್ರೋ ಈಗಾಗಲೇ ಮಾಡಿದೆ. ಅದು ಸರಿಯಾದ ದಾರಿ. ಚಂದ್ರನ ವಿಷಯದಲ್ಲಿ ಜನ ಕೇಳುವುದೇ ‘ಎಲ್ಲಿ’ ಅಂತ. ಸೂರ್ಯನ ವಿಷಯದಲ್ಲಾದರೆ ‘ಯಾವತ್ತು’ ಅಂತ ಕೇಳುತ್ತಾರೆ. ಕೊಡೈಕೆನಾಲ್ ವೀಕ್ಷಣಾಲಯದಲ್ಲಿ 1904ರಿಂದ ತೆಗೆದ ಸೂರ್ಯನ ಫೋಟೋ ಫಲಕಗಳಿದ್ದು, ಅವುಗಳನ್ನು ಡಿಜಿಟಲ್ ಮಾಡಿದ್ದಾರೆ. ಅಜ್ಜಿ ಹುಟ್ಟಿದ ದಿನ ಸೂರ್ಯನ ಮೇಲೆ ಎಷ್ಟು ಕಲೆಗಳಿದ್ದವು ಅಂತ ಒಂದು ಮಗು ಕೇಳಿದರೆ, ದಿನಾಂಕ ಹಾಕಿದ ಕೂಡಲೇ ಆ ದಿನದ ಸೂರ್ಯ ಬರಬೇಕು. ಮೋಡದಿಂದಾಗಿ ಆ ದಿನ ಫೋಟೋ ಇಲ್ಲದಿದ್ದರೆ ಹತ್ತಿರದ ದಿನದ್ದು ಬರಲಿ. ಪಕ್ಕದಲ್ಲಿ ಕನ್ನಡದಲ್ಲಿ ಎರಡು ಸಾಲು ವಿವರಣೆ ಇದ್ದರೆ ನನ್ನಂಥವರ ಮಕ್ಕಳೂ ಕೂತು ಓದುತ್ತಾರೆ.

ಶುರು ಮಾಡಲು ಯುವಿಐಟಿ ಚಿತ್ರಗಳೇ ಸರಿ ಅಂತ ನನ್ನ ಅನಿಸಿಕೆ. ಅವು ಚಿತ್ರಗಳೇ ಆದ್ದರಿಂದ ಹಿಪ್ಸ್‌ಗೆ ಚೆನ್ನಾಗಿ ಹೊಂದುತ್ತವೆ, ಲಾಗಿನ್ ಇಲ್ಲದೆ ತೋರಿಸುವುದೂ ಸುಲಭ. ಆಸ್ಟ್ರೋಸ್ಯಾಟ್‌ನ ಎಕ್ಸ್-ರೇ ಉಪಕರಣಗಳದ್ದು ಬೇರೆ ಕಥೆ. ಅವುಗಳಲ್ಲೊಂದಾದ ಲ್ಯಾಕ್ಸ್‌ಪಿಸಿಯಂಥದ್ದು ಫೋಟೋ ತೆಗೆಯುವುದಿಲ್ಲ, ಬಂದ ಎಕ್ಸ್-ರೇಗಳನ್ನು ಎಣಿಸುತ್ತದೆ. ಅವಕ್ಕೆ ಬೆಳಕಿನ ಏರಿಳಿತದ ಒಂದು ಚಿಕ್ಕ ಗ್ರಾಫನ್ನೇ ಮುನ್ನೋಟವಾಗಿ ಕೊಡಬಹುದು.