ಒಂದೇ ರ‍್ಯಾಕ್, ಅದರಲ್ಲೂ ತೋಳಿನ ಕಸರತ್ತು

ತುಮಕೂರಿನಲ್ಲಿ ನಾನು ಹೋಗುವ ಜಿಮ್‌ನಲ್ಲಿ ಸ್ಕ್ವಾಟ್ ರ‍್ಯಾಕ್ (ಭಾರ ಹೊತ್ತು ಕುಳಿತೇಳುವ ಕಸರತ್ತಿನ ಚೌಕಟ್ಟು) ಇರುವುದೇ ಒಂದು. ಸಂಜೆಯಾದರೆ ಅದರೊಳಗೆ ಯಾರಾದರೊಬ್ಬರು ನಿಂತು ಬೈಸೆಪ್ಸ್ ಕರ್ಲ್ (ಮೊಣಕೈ ಮಡಚಿ ಭಾರ ಎತ್ತುವ ತೋಳಿನ ಕಸರತ್ತು) ಮಾಡುತ್ತಿರುತ್ತಾರೆ. ಕರ್ಲ್ ಮಾಡಲು ಬಾರನ್ನು, ಅಂದರೆ ಭಾರ ಏರಿಸುವ ಉದ್ದ ಸರಳನ್ನು, ನೆಲದಿಂದ ಎತ್ತಿಕೊಂಡರೆ ಸಾಕು, ಯಾವ ಮೂಲೆಯಾದರೂ ಆದೀತು. ಆದರೆ 20 ಕಿಲೋ ತೂಗುವ ಬಾರಿಗೆ ಎರಡೂ ಬದಿ ತೂಕದ ಪ್ಲೇಟ್ ಏರಿಸಿ, ಅದನ್ನು ಬೆನ್ನಿನ ಮೇಲ್ಭಾಗದಲ್ಲಿ ಹೊತ್ತು, ತೊಡೆಯ ಸಂದು ಮಂಡಿಗಿಂತ ಕೆಳಗಿಳಿಯುವವರೆಗೆ ಕುಳಿತು ಏಳಬೇಕಾದವನಿಗೆ, ಎದೆಯೆತ್ತರದಲ್ಲಿ ಬಾರ್ ಇಡುವ ಕೊಕ್ಕೆಗಳೂ ಏಳಲಾಗದಿದ್ದಾಗ ಭಾರವನ್ನು ತಡೆಯುವ ಅಡ್ಡ ಸರಳುಗಳೂ ಇರುವ ಆ ಚೌಕಟ್ಟು ಬಿಟ್ಟರೆ ಬೇರೆ ಗತಿಯಿಲ್ಲ. ಇನ್ನೆಷ್ಟು ಸೆಟ್ ಉಳಿದಿವೆ ಎಂದು ವಿನಯದಿಂದಲೇ ಕೇಳಿದರೆ, "ಒಂದೇ ಅಣ್ಣ" ಎಂದವರು ಮೊಬೈಲ್ ಹಿಡಿದು, ಕನ್ನಡಿಯ ಮುಂದೆ ತೋಳು ಉಬ್ಬಿಸಿ ನಿಲ್ಲುತ್ತಾರೆ. ಅಷ್ಟರಲ್ಲಿ ವಾರ್ಮಪ್ ಮಾಡಿದ ನನ್ನ ಮೈ ತಣ್ಣಗಾಗಿರುತ್ತದೆ. ಹೊರಡುವಾಗಲಾದರೂ ಪ್ಲೇಟುಗಳನ್ನು ಕಳಚುತ್ತಾರೆಯೇ? ಅವಸರದಲ್ಲಿ ಒಂದು ಬದಿಯದನ್ನಷ್ಟೇ ತೆಗೆದು ನಡೆಯುವವರಿದ್ದಾರೆ. ಇನ್ನೊಂದು ಬದಿಯ ಭಾರ ಹೆಚ್ಚಿದ್ದರೆ ಬಾರ್ ಮಗುಚಿ ಪಕ್ಕದಲ್ಲಿದ್ದವರ ಮೇಲೆ ಬೀಳುತ್ತದೆಂಬ ಪರಿವೆಯೂ ಅವರಿಗಿಲ್ಲ. ತರಬೇತುದಾರರಿಗೆ ದೂರಿದರೆ, "ಅವರೂ ಫೀಸ್ ಕಟ್ಟಿದ್ದಾರಲ್ಲ ಸರ್" ಎಂದು ನಗುತ್ತಾರೆ. ಫೀಸ್ ನಾನೂ ಕಟ್ಟಿದ್ದೇನೆ, ಮತ್ತು ಅದು ಬೆಂಚಿನ ಮೇಲೆ ಕುಳಿತು ಕಾಯುವುದಕ್ಕಂತೂ ಅಲ್ಲ.