ಆರು ಶಾಲು, ಸೊನ್ನೆ ವಾಕ್ಯ

ಕೊಡಗಿನಲ್ಲಿ ಮಳೆ ಬಿಟ್ಟ ಕೂಡಲೇ ಎರಡು ಸೀಸನ್ ಒಟ್ಟಿಗೆ ಶುರುವಾಗುತ್ತವೆ. ಒಂದು ಹೋಂಸ್ಟೇ ಸೀಸನ್, ಇನ್ನೊಂದು ಕಾರ್ಯಾಗಾರದ ಸೀಸನ್. ಎರಡಕ್ಕೂ ಜನ ಬರುವುದು ಒಂದೇ ಕಾರಣಕ್ಕೆ ಅಂದರೆ ಪ್ರಾಧ್ಯಾಪಕರು ಬೇಜಾರು ಮಾಡಿಕೊಳ್ಳುತ್ತಾರೆ. ಆದರೆ ಜುಲೈ ತಿಂಗಳಲ್ಲಿ, ಕಾಲಿಗೆ ಜಿಗಣೆ ಹತ್ತುವ ಹೊತ್ತಿನಲ್ಲಿ, ಮಡಿಕೇರಿಗೆ ಬಂದು ‘ಶೈಕ್ಷಣಿಕ ಬರವಣಿಗೆಯ ಕೌಶಲ ವೃದ್ಧಿ’ ಬಗ್ಗೆ ಮಾತಾಡಿದ ಸಂಪನ್ಮೂಲ ವ್ಯಕ್ತಿಯನ್ನು ನಾನಂತೂ ನೋಡಿಲ್ಲ. ಎಲ್ಲರೂ ಬರುವುದು ಅಕ್ಟೋಬರ್ ಕಳೆದ ಮೇಲೆಯೇ, ಸಂಸಾರ ಸಮೇತ. ಎರಡನೇ ದಿನ ಬೆಳಗಿನ ಅಧಿವೇಶನಕ್ಕೆ ‘ಕ್ಷೇತ್ರ ವೀಕ್ಷಣೆ’ ಅಂತ ಹೆಸರು. ಆ ಹೊತ್ತಿಗೆ ಸರಿಯಾಗಿ ದುಬಾರೆಯಲ್ಲಿ ಆನೆಗಳಿಗೆ ಸ್ನಾನ ಇರುತ್ತದೆ.

ಇಂಥದೊಂದು ಕಾರ್ಯಾಗಾರಕ್ಕೆ ನಾನೂ ಹೋಗಿದ್ದೆ. ಎಲ್ಲಿ ಅಂತ ಹೇಳುವುದಿಲ್ಲ. ನಮ್ಮ ಜಿಲ್ಲೆಗೆ ಸ್ವಂತ ವಿಶ್ವವಿದ್ಯಾಲಯ ಬಂದದ್ದೇ 2023ರಲ್ಲಿ. ಎರಡು ವರ್ಷ ತುಂಬುವ ಮೊದಲೇ ಅದನ್ನು ಮುಚ್ಚುವ ಮಾತು ಬೆಂಗಳೂರಿನಲ್ಲಿ ಎದ್ದಿತು. ಹಾಗಿರುವಾಗ ನಾನೂ ಒಂದು ಕಲ್ಲು ಹೊಡೆಯುವುದು ಸರಿಯಲ್ಲ. ಇದು ಒಂದು ಕಟ್ಟಡದ ಕಾಯಿಲೆಯೂ ಅಲ್ಲ ಬಿಡಿ. ಬೀದರ್‌ನಿಂದ ಚಾಮರಾಜನಗರದವರೆಗೆ ಎಲ್ಲಿಗೆ ಹೋದರೂ ಇದೇ ಬ್ಯಾನರ್, ಇದೇ ಹೂಗುಚ್ಛ.

ಹತ್ತು ಗಂಟೆಗೆ ಕಾರ್ಯಕ್ರಮ. ಹತ್ತೂ ಮುಕ್ಕಾಲಿಗೆ ಪ್ರಾರ್ಥನೆ. ಆಮೇಲೆ ಸ್ವಾಗತ, ಪ್ರಾಸ್ತಾವಿಕ, ದೀಪ. ದೀಪದ ಬತ್ತಿ ಹತ್ತಿಕೊಳ್ಳಲಿಲ್ಲ, ಕಿಟಕಿಯಿಂದ ಗಾಳಿ. ಕಿಟಕಿ ಮುಚ್ಚಿದರು, ಫೋಟೋಗೆ ಬೆಳಕು ಸಾಲಲಿಲ್ಲ. ಮತ್ತೆ ತೆಗೆದರು. ಈ ಫೋಟೋ ಸಾಮಾನ್ಯದ್ದಲ್ಲ. ಯಾವ ಜಾಗ, ಎಷ್ಟು ಅಕ್ಷಾಂಶ, ಎಷ್ಟು ರೇಖಾಂಶ ಅನ್ನುವುದೆಲ್ಲ ಮೂಲೆಯಲ್ಲಿ ಅಚ್ಚಾಗಬೇಕು. ಕಾಲೇಜುಗಳ ಗುಣಮಟ್ಟ ಅಳೆಯಲು ಬರುವ ನಾಕ್ ಸಮಿತಿಗೆ ತೋರಿಸಲು ಬೇಕಾಗುತ್ತದೆ. ಬರವಣಿಗೆ ಕಲಿತರೋ ಇಲ್ಲವೋ ಅದಕ್ಕೆ ಸಾಕ್ಷಿ ಬೇಡ, ಕುರ್ಚಿ ಮೇಲೆ ಕೂತಿದ್ದರು ಅನ್ನುವುದಕ್ಕೆ ಉಪಗ್ರಹದ ಸಾಕ್ಷಿ ಬೇಕು. ವೇದಿಕೆ ಮೇಲೆ ಆರು ಜನ, ಆರು ಶಾಲು. ಜೊತೆಗೆ ಒಂದೊಂದು ಚೀಲದಲ್ಲಿ ಕಾಫಿಪುಡಿ, ಜೇನು, ಕಾಳುಮೆಣಸು. ಉದ್ಘಾಟನೆ ಮುಗಿಯುವಾಗ ಹನ್ನೆರಡೂವರೆ. ಅಲ್ಲಿಯವರೆಗೆ ಯಾರಾದರೂ ಪೆನ್ನು ಹಿಡಿದಿದ್ದರೆ ಅದು ಹಾಜರಿ ಪುಸ್ತಕಕ್ಕೆ ಸಹಿ ಹಾಕಲು.

ಊಟದ ನಂತರ ಬರವಣಿಗೆ ಶುರುವಾಗುತ್ತದೆ ಅಂದುಕೊಂಡಿದ್ದೆ. ಶುರುವಾದದ್ದು ಕೃತಿಚೌರ್ಯದ ವಿಷಯ. ಹೇಗೆ ಬರೆಯಬೇಕು ಅನ್ನುವುದಕ್ಕಿಂತ ಹೇಗೆ ಸಿಕ್ಕಿಬೀಳಬಾರದು ಅನ್ನುವುದಕ್ಕೆ ಹಾಲ್‌ನಲ್ಲಿ ಜಾಸ್ತಿ ಆಸಕ್ತಿ ಇತ್ತು. ನಿದ್ದೆಯಲ್ಲಿದ್ದವರೂ ಎದ್ದು ಕೂತರು.

ವಿಶ್ವವಿದ್ಯಾಲಯಗಳಿಗೆ ನಿಯಮ ಹಾಕುವ ಯುಜಿಸಿ 2018ರಲ್ಲಿ ಇದಕ್ಕೂ ನಿಯಮ ಮಾಡಿದೆ. ಬೇರೆಯವರ ಬರಹದ ಜೊತೆ ಹೋಲಿಕೆ ಶೇ 10ರೊಳಗಿದ್ದರೆ ಶಿಕ್ಷೆ ಇಲ್ಲ. 10 ದಾಟಿ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ತಿದ್ದಿ ಕೊಡುವಂತೆಯೂ ಇಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಇನ್ನೊಂದು ಮಾತೂ ಅದರಲ್ಲಿದೆ. ಎಲ್ಲರಿಗೂ ಗೊತ್ತಿರುವ ವಿಷಯ ಅಥವಾ ಆಕಸ್ಮಿಕವಾಗಿ ಹೊಂದಿಕೆಯಾದ ಪದಗಳು ಸತತ 14ರವರೆಗೆ ಇದ್ದರೆ ಲೆಕ್ಕಕ್ಕಿಲ್ಲ. ಕಳ್ಳತನ ತಡೆಯಲೆಂದು ಬರೆದ ಈ ಸಾಲನ್ನು ನಮ್ಮ ಸಭಿಕರು ಪಾಕವಿಧಾನ ಬರೆದುಕೊಂಡ ಹಾಗೆ ಬರೆದುಕೊಂಡರು. ಹದಿನಾಲ್ಕು ಪದ ಎತ್ತು, ಒಂದು ಪದ ಬದಲಿಸು, ಮತ್ತೆ ಹದಿನಾಲ್ಕು ಎತ್ತು. ಇಡೀ ದಿನದಲ್ಲಿ ಅತಿ ಹೆಚ್ಚು ಟಿಪ್ಪಣಿ ಮಾಡಿಕೊಂಡದ್ದು ಆಗಲೇ.

ಪ್ರಶ್ನೋತ್ತರದಲ್ಲಿ ಒಬ್ಬ ಹುಡುಗ ಎದ್ದು ನಿಂತ. ‘ಸಾರ್, ಚೌರ್ಯ ಪತ್ತೆ ಮಾಡೋ ತಂತ್ರಾಂಶ ನನ್ನ ಮೊದಲ ಅಧ್ಯಾಯಕ್ಕೆ ಪೂರ್ತಿ ಕೆಂಪು ಬಣ್ಣ ತೋರಿಸ್ತಿದೆ. ನಾನು ಕೊಡಗಿನ ಪರಿಚಯ ಅಷ್ಟೇ ಬರೆದಿದ್ದೀನಿ.’

ಪಾಪ, ಅವನ ತಪ್ಪಲ್ಲ. ಶೋಧಗಂಗಾ ಅನ್ನುವ ಜಾಲತಾಣದಲ್ಲಿ ಪಿಎಚ್‌ಡಿ ಪ್ರಬಂಧಗಳು ಪುಕ್ಕಟೆ ಸಿಗುತ್ತವೆ, ನನಗೆ ಅವನ್ನು ಓದುವ ಚಟ. ಕೊಡಗಿನ ಮೇಲೆ ಯಾವ ವಿಷಯದ ಪ್ರಬಂಧ ತೆಗೆದರೂ ಸಾಮಾನ್ಯವಾಗಿ ಬಾಗಿಲಲ್ಲೇ ಈ ಪರಿಚಯ ನಿಂತಿರುತ್ತದೆ. ವಿಸ್ತೀರ್ಣ 4,102 ಚದರ ಕಿಲೋಮೀಟರ್. 2011ರ ಜನಗಣತಿ ಪ್ರಕಾರ ಜನಸಂಖ್ಯೆ 5,54,519. ತಡಿಯಂಡಮೋಳ್ ಬೆಟ್ಟದ ಎತ್ತರ 1,748 ಮೀಟರ್. ತಲಕಾವೇರಿಯಲ್ಲಿ ಕಾವೇರಿ ಹುಟ್ಟುತ್ತಾಳೆ. ಹಾಲೇರಿ ಅರಸರು ಆಳಿದರು. 1834ರಲ್ಲಿ ಬ್ರಿಟಿಷರು ತೆಗೆದುಕೊಂಡರು. 1956ರಲ್ಲಿ ಮೈಸೂರಿನ ಜೊತೆ ಸೇರಿತು. ಭಾರತದ ಸ್ಕಾಟ್ಲೆಂಡ್, ದಕ್ಷಿಣದ ಕಾಶ್ಮೀರ. ಪ್ರಬಂಧದ ವಿಷಯ ಬ್ಯಾಂಕ್ ಗ್ರಾಹಕರ ತೃಪ್ತಿ ಆಗಿರಬಹುದು, ಕಾಲೇಜು ಲೈಬ್ರರಿಯ ಬಳಕೆ ಆಗಿರಬಹುದು. ಎಟಿಎಂ ಸರದಿಯಲ್ಲಿ ನಿಂತವನ ತೃಪ್ತಿ ಅಳೆಯುವ ಮೊದಲು ನಾವು ತಲಕಾವೇರಿಗೆ ಹೋಗಿ, ತಡಿಯಂಡಮೋಳ್ ಹತ್ತಿ, ಚಿಕವೀರ ರಾಜೇಂದ್ರನನ್ನು ಪಟ್ಟದಿಂದ ಇಳಿಸಿ ಬರಬೇಕು. ಅಷ್ಟೊತ್ತಿಗೆ ಬ್ಯಾಂಕ್ ಬಾಗಿಲು ಹಾಕಿರುತ್ತದೆ.

ಈಗ ತಂತ್ರಾಂಶ ಹೇಳುತ್ತಿರುವುದೇನು? ಇಡೀ ಕೊಡಗು ಜಿಲ್ಲೆಯೇ ಕದ್ದ ಮಾಲು ಅಂತ. ಹುಡುಗ ‘ಈ ಅಧ್ಯಾಯ ಬಿಟ್ಟುಬಿಡಲಾ ಸಾರ್?’ ಅಂದ. ಆ ದಿನ ನಾನು ಕೇಳಿದ ಅತಿ ಬುದ್ಧಿವಂತ ಪ್ರಶ್ನೆ ಅದೇ. ಸಂಪನ್ಮೂಲ ವ್ಯಕ್ತಿಗೆ ಗಾಬರಿಯಾಯಿತು. ಬಿಟ್ಟರೆ ಪುಟ ಕಡಿಮೆಯಾಗುತ್ತದಲ್ಲಾ! ಬಿಡಬೇಡ, ವಾಕ್ಯ ಬದಲಿಸು ಅಂದರು. ಅಂದರೆ ಇನ್ನು ಮುಂದೆ ತಲಕಾವೇರಿಯಲ್ಲಿ ಕಾವೇರಿ ಹುಟ್ಟುವುದಿಲ್ಲ. ‘ಸದರಿ ನದಿಯ ಉಗಮವು ಪ್ರಸ್ತಾಪಿತ ಸ್ಥಳದಲ್ಲಿ ಕಂಡುಬರುತ್ತದೆ.’

ಹಿಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯ ಸಂಶೋಧಕ ನನ್ನ ಕಿವಿಯಲ್ಲಿ ಬೇರೆ ದಾರಿ ಹೇಳಿದ. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ಗೆ ಹೋಗಲೇಬಾರದಂತೆ. ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಬೇಕಂತೆ. ನಮ್ಮ ಕಣ್ಣಿಗೆ ಚಂದದ ಕನ್ನಡ ಕಾಣುತ್ತದೆ, ಕಂಪ್ಯೂಟರಿನ ಹೊಟ್ಟೆಯೊಳಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಹೋಲಿಸಲು ಚೌರ್ಯ ಹಿಡಿಯುವ ತಂತ್ರಾಂಶಕ್ಕೆ ಏನೂ ಸಿಗುವುದಿಲ್ಲ. ‘ಸೊನ್ನೆ ಪರ್ಸೆಂಟ್ ಬರುತ್ತೆ ಸಾರ್, ಅಪ್ಪಟ ಸ್ವಂತದ್ದು’ ಅಂದ. ಕನ್ನಡ ತಂತ್ರಜ್ಞಾನ ಹಿಂದುಳಿದಿದೆ ಅಂತ ಅಳುವವರು ಇವನನ್ನು ಒಮ್ಮೆ ಭೇಟಿ ಮಾಡಬೇಕು.

ಚಾಟ್‌ಜಿಪಿಟಿ ವಿಷಯವೂ ಬಂತು. ಬಳಸಬಾರದು ಅಂದರು. ಅಂದವರ ಪರದೆಯ ಸ್ಲೈಡ್ ಅನ್ನು ಯಾರು ಬರೆದಿದ್ದರು ಅನ್ನುವುದು ಅದರ ಭಾಷೆಯಲ್ಲೇ ಗೊತ್ತಾಗುತ್ತಿತ್ತು. ಈಗ ಹೇಗೂ ಬರೆಯುವುದು ಒಂದು ಯಂತ್ರ, ಓದಿ ಅಂಕ ಹಾಕುವುದು ಇನ್ನೊಂದು ಯಂತ್ರ. ಮಧ್ಯೆ ಗೈಡ್ ಸಹಿ ಹಾಕುತ್ತಾರೆ. ಕರಡನ್ನು ಕೂತು ಓದಿ, ಈ ಸಾಲು ಯಾಕೆ, ಇದನ್ನು ತೆಗಿ, ಇಲ್ಲಿ ನೀನು ಏನು ಹೇಳಬೇಕು ಅಂತಿದ್ದೀಯ ಅಂತ ಕೆಂಪು ಪೆನ್ನಲ್ಲಿ ಕೇಳುವ ಒಬ್ಬ ಮೇಷ್ಟ್ರು ಸಿಕ್ಕಿದರೆ ಈ ಕಾರ್ಯಾಗಾರಗಳೇ ಬೇಕಿರಲಿಲ್ಲ. ಆದರೆ ಅದಕ್ಕೆ ಬ್ಯಾನರ್ ಕಟ್ಟೋಕಾಗಲ್ಲ. ಫೋಟೋ ಕೂಡ ಚೆನ್ನಾಗಿ ಬರಲ್ಲ.

ಕೊನೆಯ ಅಧಿವೇಶನ ‘ಪ್ರಾಯೋಗಿಕ’. ಯಾರಾದರೂ ತಾವು ಬರೆದ ಒಂದು ಪ್ಯಾರಾ ಓದಬೇಕು, ತಜ್ಞರು ತಿದ್ದುತ್ತಾರೆ. ಯಾರೂ ಏಳಲಿಲ್ಲ. ಕೊನೆಗೆ ವಿರಾಜಪೇಟೆ ಕಡೆಯ ಒಬ್ಬ ಹುಡುಗಿ ಎದ್ದಳು. ಸಣ್ಣ ಕಾಫಿ ಬೆಳೆಗಾರರ ಮೇಲೆ ಅವಳ ಕೆಲಸ. ಓದಿದಳು:

‘ನನ್ನ ತಾತ ದಿನಾ ಬೆಳಿಗ್ಗೆ ಮಳೆ ಅಳೆದು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಆ ವರ್ಷ ಮಾರ್ಚ್ ಮುಗಿದರೂ ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬರಲಿಲ್ಲ. ಹೊಳೆ ಪಕ್ಕದ ತೋಟದವರು ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸಿಕೊಂಡರು. ಪಂಪ್ ಇಲ್ಲದವರ ಮೊಗ್ಗು ಗಿಡದಲ್ಲೇ ಒಣಗಿತು. ಆ ವರ್ಷ ಮಾಡಿದ ಸಾಲವನ್ನು ಅವರು ಇನ್ನೂ ತೀರಿಸುತ್ತಿದ್ದಾರೆ.’

ನನಗೆ ಚಪ್ಪಾಳೆ ಹೊಡೆಯಬೇಕು ಅನ್ನಿಸಿತು. ಕೊಡಗಿನ ತೋಟದ ಮನೆಗಳಲ್ಲಿ ಈ ಮಳೆ ಲೆಕ್ಕದ ಪುಸ್ತಕ ಹೊಸದೇನಲ್ಲ. ದೇಶವೆಲ್ಲ ಮಿಲಿಮೀಟರ್‌ಗೆ ಹೋದರೂ ಇಲ್ಲಿ ಈಗಲೂ ಇಂಚು, ಸೆಂಟು. ‘ರಾತ್ರಿ ಒಂದು ಇಂಚು ನಲವತ್ತು ಸೆಂಟ್’ ಅಂದರೆ ಮುಗಿಯಿತು, ಕೇಳಿದವರಿಗೆ ತೋಟದ ಸ್ಥಿತಿ ಗೊತ್ತಾಗುತ್ತದೆ. ಒಂದು ಅನಗತ್ಯ ಪದ ಇರುವುದಿಲ್ಲ. ಮಳೆ ಇಲ್ಲದ ದಿನ ಸುಮ್ನೆ ಒಂದು ಗೀಟು.

ತಜ್ಞರ ಮುಖ ಗಂಟಿಕ್ಕಿತು.

‘ತಾತ ಅಂದರೆ ಯಾರಮ್ಮಾ?’

‘ನಮ್ಮ ತಾತ ಸಾರ್.’

‘ಹಾಗೆ ಬರೆಯಬಾರದು. ಮಾಹಿತಿದಾರ ಅನ್ನಬೇಕು. ಆ ಪುಸ್ತಕ ಪ್ರಕಟವಾಗಿದೆಯಾ? ಐಎಸ್‌ಬಿಎನ್ ನಂಬರ್ ಇದೆಯಾ?’

‘ಇಲ್ಲ ಸಾರ್. ಅಟ್ಟದ ಮೇಲಿದೆ.’

ಹಾಲ್ ನಕ್ಕಿತು. ತಜ್ಞರು ನಗಲಿಲ್ಲ. ಮಳೆ ‘ಬರಲಿಲ್ಲ’ ಅಂತ ಅಷ್ಟು ಖಡಾಖಂಡಿತವಾಗಿ ಹೇಳುವುದು ಸಂಶೋಧಕರಿಗೆ ಶೋಭೆಯಲ್ಲ, ಬೇರೆ ಯಾರಾದರೂ ವಿದ್ವಾಂಸರು ಮಳೆ ಬರಲಿಲ್ಲ ಅಂದಿದ್ದರೆ ಅವರನ್ನು ಉಲ್ಲೇಖಿಸಬಹುದು ಅಂದರು. ಸಾಲದ ಮಾತು ‘ಭಾವುಕ’ವಂತೆ. ಅರ್ಧ ಗಂಟೆ ಎಲ್ಲರೂ ಸೇರಿ ತಿದ್ದಿದೆವು. ನಾನು ಬಾಯಿ ಬಿಡಲಿಲ್ಲ, ಆದರೂ ಬಹುವಚನದಲ್ಲಿ ನಾನೂ ಇದ್ದೇನೆ. ತಯಾರಾದ ವಾಕ್ಯ ಇದು:

‘ಪ್ರಸ್ತುತ ಅಧ್ಯಯನವು ಮುಂಗಾರುಪೂರ್ವ ವರ್ಷಣದ ಅನಿಶ್ಚಿತತೆಯ ಹಿನ್ನೆಲೆಯಲ್ಲಿ ಕಾಫಿ ಕೃಷಿ ಆಧಾರಿತ ಸಾಮಾಜಿಕ-ಆರ್ಥಿಕ ಸಂರಚನೆಯ ಮೇಲೆ ಉಂಟಾಗಬಹುದಾದ ಬಹುಆಯಾಮದ ಪರಿಣಾಮಗಳನ್ನು ನೀರಾವರಿ ಸಂಪನ್ಮೂಲಗಳ ಲಭ್ಯತೆಯ ನೆಲೆಯಲ್ಲಿ ವಿಶ್ಲೇಷಿಸುವ ಒಂದು ವಿನಮ್ರ ಪ್ರಯತ್ನವಾಗಿದೆ.’

ತಾತ ಹೋದರು, ಹೊಳೆ ಹೋಯಿತು, ಪಂಪ್ ಹೋಯಿತು. ಸಾಲಗಾರರ ಸಾಲವನ್ನು ಯಾವ ಸರ್ಕಾರವೂ ಇಷ್ಟು ಬೇಗ ಮನ್ನಾ ಮಾಡಿರಲಿಲ್ಲ. ಐದು ವಾಕ್ಯ ಒಂದಾಯಿತು, ಆ ಒಂದರಲ್ಲಿ ಏನೂ ನಡೆಯುವುದಿಲ್ಲ. ತಂತ್ರಾಂಶಕ್ಕೆ ಹಾಕಿ ನೋಡಿದರೆ ಹೋಲಿಕೆ ಎಷ್ಟು ಬರುತ್ತಿತ್ತೋ. ಇದೇ ಸಾಲನ್ನು ರೇಷ್ಮೆಗೆ, ಕಬ್ಬಿಗೆ, ಅಡಿಕೆಗೆ ಬರೆದವರು ಏನು ಕಡಿಮೆ ಇದ್ದಾರಾ?

ತಮಾಷೆ ಏನೆಂದರೆ, ಕೊಡಗಿನ ಸಂಸ್ಕೃತಿ ಬಗ್ಗೆ ಪ್ರಬಂಧ ಬರೆಯುವವರು ಮೊದಲು ಉಲ್ಲೇಖಿಸುವ ಹೆಸರೇ ನಡಿಕೇರಿಯಂಡ ಚಿಣ್ಣಪ್ಪ. ಪೊಲೀಸ್ ಕೆಲಸದಲ್ಲಿದ್ದ ಮನುಷ್ಯ. ಊರವರ ಬಾಯಲ್ಲಿದ್ದ ಹಾಡು, ಕಟ್ಟುಪಾಡುಗಳನ್ನು ಕೇಳಿ ಬರೆದುಕೊಂಡು 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಅಚ್ಚು ಹಾಕಿಸಿದರು. ಅವರಿಗೆ ಹೇಳಿದವರೂ ಇಂಥ ತಾತಂದಿರೇ ಅಲ್ವಾ? ಆ ತಾತಂದಿರ ಹತ್ತಿರ ಯಾವ ಐಎಸ್‌ಬಿಎನ್ ಇತ್ತು? ನೂರು ವರ್ಷ ಕಳೆದರೆ ತಾತ ಆಕರವಾಗುತ್ತಾನೆ, ಅಲ್ಲಿಯವರೆಗೆ ಮಾಹಿತಿದಾರ.

ಆಮೇಲೆ ಹಿಮ್ಮಾಹಿತಿ ಫಾರಂ ಬಂತು. ‘ಕಾರ್ಯಾಗಾರ ಉಪಯುಕ್ತವಾಗಿತ್ತೇ?’ ಅನ್ನುವುದಕ್ಕೆ ‘ಅತ್ಯುತ್ತಮ’, ‘ಉತ್ತಮ’, ‘ತೃಪ್ತಿಕರ’ ಅಂತ ಮೂರೇ ಬಾಕ್ಸ್. ಫಾರಂ ತುಂಬದಿದ್ದರೆ ಪ್ರಮಾಣಪತ್ರ ಇಲ್ಲ, ಹಾಗಾಗಿ ಎಲ್ಲರಿಗೂ ಅತ್ಯುತ್ತಮವೇ ಆಗಿತ್ತು. ವಾರದ ನಂತರ ವರದಿಯೂ ಇಮೇಲ್‌ನಲ್ಲಿ ಬಂತು. ಆರಂಭದಲ್ಲಿ ಮಡಿಕೇರಿ, ಮಂಜು, ಕಾಫಿ ಎಲ್ಲ ಇದೆ. ಮೂರನೇ ಪುಟದಲ್ಲಿ ಮಾತ್ರ ‘ಸಕ್ಕರೆ ನಾಡಿನ ಈ ಕಾರ್ಯಾಗಾರ ಯಶಸ್ವಿಯಾಯಿತು’ ಅಂತಿದೆ. ಯಾವುದೋ ಮಂಡ್ಯದ ವರದಿ ಇರಬೇಕು. ಹದಿನಾಲ್ಕು ಪದಕ್ಕಿಂತ ಕಡಿಮೆಯೇ, ನಡೆಯುತ್ತದೆ ಬಿಡಿ.

ಆ ಹುಡುಗಿ ಮೊನ್ನೆ ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು. ತಿದ್ದಿದ ಪ್ಯಾರಾವನ್ನು ಮನೆಗೆ ಹೋಗಿ ತಾತನಿಗೆ ಓದಿ ಹೇಳಿದಳಂತೆ. ಅವರು ಕನ್ನಡಕ ತೆಗೆದು ಪೂರ್ತಿ ಕೇಳಿಸಿಕೊಂಡು, ಇನ್ನೊಂದು ಸಲ ಓದಿಸಿ, ಆಮೇಲೆ ಕೇಳಿದರಂತೆ:

‘ಅದೆಲ್ಲ ಸರಿ ಮಗಳೇ. ಆ ವರ್ಷ ಮಳೆ ಬಂತಾ, ಇಲ್ವಾ?’