ಮೂರನೇ ಕೈ ಎಲ್ಲಿಂದ ತರಲಿ?

ಫೋರ್ ವೀಲ್ ಡ್ರೈವ್ ಟ್ರಕ್ಕಿನ ಹೊಟ್ಟೆಯಡಿ, ಗೇರ್ ಬಾಕ್ಸಿನ ಬೆನ್ನಿಗೆ ಅಂಟಿಕೊಂಡು ಒಂದು ಪೆಟ್ಟಿಗೆ ಇರುತ್ತದೆ. ಅದೇ ಟ್ರಾನ್ಸ್‌ಫರ್ ಕೇಸ್. ಇಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗಷ್ಟೇ ಕೊಡಬೇಕೋ, ಮುಂದಿನವಕ್ಕೂ ಹಂಚಬೇಕೋ ಅನ್ನುವುದು ಅದರ ಕೆಲಸ. ಇಂಥ ಗಾಡಿ ಇಟ್ಟುಕೊಂಡವರಲ್ಲಿ ಹೆಚ್ಚಿನವರು ಅದರ ಮುಖ ನೋಡದೆಯೇ ಸುಖವಾಗಿ ಬಾಳುತ್ತಾರೆ. ನನಗೆ ಆ ಯೋಗ ಇರಲಿಲ್ಲ. ಲೋ ಗೇರ್ ಹಾಕಿ ಏರು ಹತ್ತಿಸಿದರೆ ಸಾಕು, ಕಾಲಡಿಯಿಂದ ‘ಢಣ್’ ಅಂತ ಸದ್ದು. ಪಕ್ಕದಲ್ಲಿ ಕೂತ ಹೆಂಡತಿ ಪ್ರತಿ ಸಲವೂ “ಏನ್ರೀ ಬಿತ್ತು?” ಎಂದು ಹಿಂದೆ ತಿರುಗಿ ನೋಡುತ್ತಿದ್ದಳು.

ಏನೂ ಬಿದ್ದಿರಲಿಲ್ಲ, ಹಾರಿತ್ತು. ಪೆಟ್ಟಿಗೆಯೊಳಗೆ ಒಂದು ಅಗಲವಾದ ಚೈನ್ ಇದೆ. ಮುಂದಿನ ಚಕ್ರಗಳಿಗೆ ಬಲ ಹೋಗುವುದು ಅದರ ಮೂಲಕ. ಅದು ಸವೆದು ಉದ್ದವಾದರೆ ಭಾರ ಬಿದ್ದಾಗ ಗೇರಿನ ಹಲ್ಲು ತಪ್ಪಿ ಹಾರುತ್ತದೆ. ಹಿಂದಿನ ಮಾಲೀಕರು ಒಣ ಟಾರು ರಸ್ತೆಯಲ್ಲೂ ಫೋರ್ ವೀಲ್‌ನಲ್ಲೇ ಓಡಿಸುತ್ತಿದ್ದರಂತೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಹೋಗಬೇಕು. ಈ ಬಗೆಯ ಪೆಟ್ಟಿಗೆ ಎರಡನ್ನೂ ಒಟ್ಟಿಗೆ ಕಟ್ಟಿಹಾಕಿರುತ್ತದೆ. ಮಣ್ಣಿನಲ್ಲಾದರೆ ಚಕ್ರ ಚೂರು ಜಾರಿ ಲೆಕ್ಕ ಸರಿ ಮಾಡಿಕೊಳ್ಳುತ್ತದೆ. ಟಾರಿನ ಮೇಲೆ ಜಾರುವುದಕ್ಕಾಗದೆ ಎಳೆದಾಟವೆಲ್ಲ ಚೈನಿನ ಮೇಲೇ ಬೀಳುತ್ತದೆ. ಗಾಡಿ ಮಾರುವಾಗ ಅವರು “ತುಂಬಾ ಜೋಪಾನವಾಗಿ ಓಡಿಸಿದ್ದೀನಿ, ಯಾವಾಗಲೂ ನಾಲ್ಕೂ ಚಕ್ರದಲ್ಲಿ” ಅಂದಿದ್ದರು.

ಮನೆಯಲ್ಲೇ ಬಿಚ್ಚಿ ಹೊಸ ಚೈನ್, ಬೇರಿಂಗು, ಆಯಿಲ್ ಸೀಲು ಹಾಕುವುದೆಂದು ನಿರ್ಧಾರವಾಯಿತು. ರಿಪೇರಿ ಪುಸ್ತಕ ಮುಂದಿಟ್ಟುಕೊಂಡೆ. ಅದನ್ನು ಬರೆದವರ ಮೇಲೆ ನನಗೆ ಗೌರವ ಇದೆ. ಆದರೆ ಅವರಿಗೆ ಮೂರು ಕೈ ಇತ್ತು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಸರ್ಕ್ಲಿಪ್ಪನ್ನು, ಅಂದರೆ ಭಾಗಗಳು ಜಾರದಂತೆ ಹಿಡಿದಿಡುವ ಸ್ಪ್ರಿಂಗಿನಂಥ ಬಳೆಯನ್ನು, ಇಕ್ಕಳದಲ್ಲಿ ಅಗಲಿಸಿ ಹಿಡಿಯಬೇಕಂತೆ. ಹಾಗೇ ಶಾಫ್ಟನ್ನು ಅಲುಗಾಡದಂತೆ ಹಿಡಿಯಬೇಕಂತೆ. ಅದೇ ಹೊತ್ತಿಗೆ ಪೆಟ್ಟಿಗೆಯ ಮೇಲಿನ ಹೋಳನ್ನು ಮೆಲ್ಲಗೆ ಎತ್ತಬೇಕಂತೆ. ಎಲ್ಲ ಒಂದೇ ವಾಕ್ಯದಲ್ಲಿ, ಉಸಿರು ಕೂಡ ತೆಗೆದುಕೊಳ್ಳದೆ.

ಮೂರನೇ ಕೈಯಾಗಿ ಭಾಮೈದನನ್ನು ಕರೆಸಿದೆ. ಐದು ನಿಮಿಷದ ಕೆಲಸ ಅಂತ ಹೇಳಿದ್ದೆ. ಹಾಗೆ ಹೇಳದಿದ್ದರೆ ಯಾರು ತಾನೇ ಬರುತ್ತಾರೆ?

ಮೊದಲು ಎಣ್ಣೆ ಇಳಿಸಬೇಕು. ಇಲ್ಲೊಂದು ಒಳ್ಳೆಯ ನಿಯಮ ಇದೆ. ಎಣ್ಣೆ ಇಳಿಸುವ ಬಿರಡೆಗಿಂತ ಮುಂಚೆ ತುಂಬಿಸುವ ಬಿರಡೆಯನ್ನು ಬಿಚ್ಚಿ ನೋಡಬೇಕು. ಮೇಲಿನದು ತುಕ್ಕು ಹಿಡಿದು ಕೂತಿದ್ದರೆ, ಖಾಲಿ ಮಾಡಿದ ಮೇಲೆ ತುಂಬಿಸುವ ದಾರಿಯೇ ಇರುವುದಿಲ್ಲ. ನಮ್ಮದು ಬಿಚ್ಚಿತು. ಚೈನ್ ಇರುವ ಪೆಟ್ಟಿಗೆಗಳಿಗೆ ಹೆಚ್ಚಾಗಿ ಆಟೋಮ್ಯಾಟಿಕ್ ಗೇರ್ ಬಾಕ್ಸಿನ ತೆಳು ಎಣ್ಣೆಯನ್ನೇ ಹಾಕುತ್ತಾರೆ. ಅದರ ಬಣ್ಣ ಕೆಂಪು. ತಟ್ಟೆ ತುಂಬಿ ನೆಲದ ಮೇಲೆ ಹರಿಯಿತು. ಗಾಡಿಯಡಿಯಿಂದ ಭಾಮೈದನ ಎರಡು ಕಾಲು ಮಾತ್ರ ಆಚೆ ಇದ್ದವು. ಗೇಟಿನ ಹತ್ತಿರ ಬಂದ ಪಕ್ಕದ ಮನೆಯವರು ಕೆಂಪು ನೋಡಿದರು, ಕಾಲು ನೋಡಿದರು, ಒಳಗೆ ಬರಲೇ ಇಲ್ಲ.

ಪೆಟ್ಟಿಗೆ ಇಳಿಸುವುದನ್ನು ವಿವರಿಸುವುದಿಲ್ಲ. ಅಲ್ಯೂಮಿನಿಯಮ್ಮಿನದಾದರೂ ಸುಮಾರು 30 ಕೆ.ಜಿ. ಭಾರ. ಹಳೇ ಕಾಲದ ನ್ಯೂ ಪ್ರೋಸೆಸ್ 205 ಅನ್ನುವ ಮಾಡೆಲ್ ಥರದ ಎರಕದ ಕಬ್ಬಿಣದ್ದಾದರೆ 60 ದಾಟುತ್ತದೆ. ಜಾಕಿ ಇಡದೆ ಎದೆಯ ಮೇಲೆ ಇಳಿಸಿಕೊಳ್ಳುವವರು ಇದ್ದಾರೆ. ಅವರ ಪಕ್ಕೆಲುಬು ಅವರಿಷ್ಟ.

ಒಳಗಡೆ ನಿಜಕ್ಕೂ ಚೆಂದ. ಮಧ್ಯದಲ್ಲೊಂದು ಗೇರು, ಅದರ ಸುತ್ತ ತಿರುಗುವ ಪುಟ್ಟ ಗೇರುಗಳು, ಅವನ್ನೆಲ್ಲ ಬಳಸಿದ ಒಂದು ಹಲ್ಲಿನ ಬಳೆ. ಲೋ ಗೇರಿಗೆ ಹಾಕಿದಾಗ ಅನೇಕ ಪೆಟ್ಟಿಗೆಗಳಲ್ಲಿ ವೇಗ 2.72 ಪಟ್ಟು ಇಳಿದು, ತಿರುಗಿಸುವ ಬಲ ಹೆಚ್ಚುಕಮ್ಮಿ ಅಷ್ಟೇ ಪಟ್ಟು ಏರುತ್ತದೆ. ತಳದಲ್ಲೊಂದು ಆಯಸ್ಕಾಂತ. ಅದಕ್ಕೆ ಬೂದು ಬಣ್ಣದ ನುಣ್ಣನೆಯ ಕೆಸರು ಅಂಟಿದ್ದರೆ ಚಿಂತೆಯಿಲ್ಲ, ಚೂರುಗಳು ಸಿಕ್ಕರೆ ಚಿಂತೆ ಮಾಡಬೇಕು. ನಮಗೆ ಕೆಸರೇ ಸಿಕ್ಕಿತು. “ಭಾವ, ಐದು ನಿಮಿಷ ಆಯ್ತು” ಅಂದ ಭಾಮೈದ. ಆಗ ಕತ್ತಲಾಗಿತ್ತು.

ಸರ್ಕ್ಲಿಪ್ಪಿನ ಬಗ್ಗೆ ಎರಡು ಮಾತು. ಅದು ಇಕ್ಕಳದಿಂದ ಜಾರಿದರೆ ಕೆಳಗೆ ಬೀಳುವುದಿಲ್ಲ. ಹಾರುತ್ತದೆ. ಗೋಡೆಗೆ ತಾಗಿದ ಸದ್ದು ಕೇಳುತ್ತದೆ, ಆಮೇಲೆ ಇನ್ನೆಲ್ಲೋ ತಾಗಿದ ಸದ್ದು, ಆಮೇಲೆ ಸದ್ದಿಲ್ಲ. ನಾವಿಬ್ಬರೂ ಮೊಣಕಾಲೂರಿ ಟಾರ್ಚ್ ಹಿಡಿದು ಹುಡುಕಿದೆವು. ಹಳೇ ಸ್ಕ್ರೂ, ಮಗಳ ಕಿವಿಯೋಲೆ, ಕಳೆದುಹೋಗಿದೆ ಅಂತ ಹೊಸದು ತಂದಿದ್ದ ಹತ್ತನೇ ನಂಬರಿನ ಸ್ಪ್ಯಾನರು, ಎಲ್ಲ ಸಿಕ್ಕವು. ಸರ್ಕ್ಲಿಪ್ ಸಿಕ್ಕಿದ್ದು ಭಾಮೈದನ ಅಂಗಿಯ ಜೇಬಿನಲ್ಲಿ. ತಾನಾಗಿಯೇ ಹೋಗಿ ಕೂತಿತ್ತು.

ಹೊಸ ಬೇರಿಂಗನ್ನು ಶಾಫ್ಟಿಗೆ ಸುತ್ತಿಗೆಯಿಂದ ಬಡಿದು ಕೂರಿಸಬಾರದು. ಬೇರಿಂಗನ್ನು ಬಿಸಿ ಮಾಡಬೇಕು, ಶಾಫ್ಟನ್ನು ತಣ್ಣಗೆ ಮಾಡಬೇಕು. ತಣ್ಣಗಿನ ಜಾಗ ಮನೆಯಲ್ಲಿ ಇರುವುದು ಒಂದೇ.

“ರೀ, ಫ್ರೀಜರಿನಲ್ಲಿ ಈ ಕಬ್ಬಿಣ ಯಾರದ್ದು?”

ನಾನು ವಿಜ್ಞಾನ ಹೇಳಿದೆ. 30 ಮಿ.ಮೀ. ದಪ್ಪದ ಉಕ್ಕಿನ ಶಾಫ್ಟು 45 ಡಿಗ್ರಿ ತಣ್ಣಗಾದರೆ ಸುಮಾರು 0.016 ಮಿ.ಮೀ. ಕುಗ್ಗುತ್ತದೆ.

“ಅಷ್ಟಕ್ಕೋಸ್ಕರ ನನ್ನ ಐಸ್ ಟ್ರೇ ಎಲ್ಲ ಹೊರಗೆ ಹಾಕಿದ್ರಾ?”

ಆ 0.016ರಿಂದಲೇ ಬೇರಿಂಗು ಸರಕ್ಕನೆ ಇಳಿದು ಕೂತಿತು. ನೋಡಲು ಅವಳು ಅಲ್ಲಿರಲಿಲ್ಲ, ಅದೇ ಬೇಜಾರು.

ಇನ್ನೊಂದು ಫಜೀತಿ ನೀಡಲ್ ಬೇರಿಂಗಿನದು. ಕೆಲವದರಲ್ಲಿ ಸೂಜಿಗಳನ್ನು ಹಿಡಿದಿಡುವ ಪಂಜರವೇ ಇರುವುದಿಲ್ಲ. ಬಿಡಿಬಿಡಿ ಉಕ್ಕಿನ ಕಡ್ಡಿಗಳನ್ನು ಶಾಫ್ಟಿನ ಸುತ್ತ ಒಂದೊಂದಾಗಿ ನಿಲ್ಲಿಸಬೇಕು. ಅವು ಬೀಳದಿರಲು ವ್ಯಾಸಲೀನ್ ಹಚ್ಚುತ್ತಾರೆ. ಗಾಡಿ ಓಡಿದ ಮೇಲೆ ಅದು ಬಿಸಿಗೆ ಕರಗಿ ಎಣ್ಣೆಯಲ್ಲಿ ಸೇರಿಹೋಗುತ್ತದೆ. ಕನ್ನಡಿಯ ಮುಂದಿದ್ದ ಡಬ್ಬಿ ಖಾಲಿಯಾಯಿತು. ಈ ಸಲ ವಿಜ್ಞಾನ ಹೇಳಲು ಹೋಗಲಿಲ್ಲ.

ಕೊನೆಗೆ ಪೆಟ್ಟಿಗೆಯ ಎರಡು ಹೋಳುಗಳನ್ನು ಸೇರಿಸುವುದು. ಅಂಚಿಗೆ ಸಿಲಿಕೋನ್ ಅಂಟು ಹಚ್ಚಿದರೆ ಅದು ಬೇಗ ಕೆನೆಗಟ್ಟುತ್ತದೆ, ತಡ ಮಾಡುವ ಹಾಗಿಲ್ಲ. ಮೇಲಿನ ಹೋಳು ಇಳಿಯುವಾಗ ಎಣ್ಣೆ ಹೀರುವ ಕೊಳವೆ ಪಂಪಿನ ತೂತಿಗೇ ಹೋಗಬೇಕು, ಶಾಫ್ಟು ಬೇರಿಂಗಿಗೇ ಹೋಗಬೇಕು, ಮತ್ತು ಒಳಗೆ ಏನಾಗುತ್ತಿದೆ ಅಂತ ಕಾಣುವುದಿಲ್ಲ. ನಮ್ಮಿಬ್ಬರದೂ ಸೇರಿ ನಾಲ್ಕು ಕೈ. ಪುಸ್ತಕದ ಲೆಕ್ಕಕ್ಕಿಂತ ಒಂದು ಜಾಸ್ತಿಯೇ. ಸರಿಯಾಗಿ ಆ ಹೊತ್ತಿಗೆ ಭಾಮೈದನ ಫೋನ್ ಬಡಿದುಕೊಂಡಿತು. ಅವನ ಹೆಂಡತಿ. ಮತ್ತೆ ಮೂರೇ ಕೈ.

ಆದರೂ ಕೂತಿತು. ಗಾಡಿಗೆ ಏರಿಸಿ, ಎಣ್ಣೆ ತುಂಬಿಸಿ, ಸಡಿಲ ಮಣ್ಣಿನ ಏರಿನಲ್ಲಿ ಲೋ ಗೇರ್ ಹಾಕಿದೆವು. ಸದ್ದಿಲ್ಲದೆ ಹತ್ತಿತು. ಹೆಂಡತಿ ಮಾತ್ರ ರೂಢಿಯಂತೆ ಹಿಂದೆ ತಿರುಗಿ ನೋಡಿದಳು.

ಈಗ ಆ ‘ಢಣ್’ ಇಲ್ಲವಲ್ಲ, ಇಷ್ಟು ದಿನ ಅದರಡಿ ಮುಚ್ಚಿಹೋಗಿದ್ದ ಇನ್ನೊಂದು ಸದ್ದು ಕೇಳುತ್ತಿದೆ. ಮುಂದಿನ ಆಕ್ಸಲ್ಲಿನಿಂದ ಸಣ್ಣಗೆ ‘ಗುಂಯ್’ ಅಂತ. ಐದು ನಿಮಿಷದ ಕೆಲಸ. ಭಾಮೈದನಿಗೆ ಫೋನ್ ಮಾಡಿದರೆ ಯಾವಾಗಲೂ ವ್ಯಾಪ್ತಿ ಪ್ರದೇಶದ ಹೊರಗೇ ಇರುತ್ತಾನೆ.